ನೀಲಗಿರಿಯ ತುರಿಕೆ ಗಿಡ: ನಾರು, ಸೊಪ್ಪು, ಔಷಧ – ಯಾವುದು ಎಷ್ಟು ನಿಜ?

ಪ್ರಶ್ನೆ: ನೀಲಗಿರಿ ಬೆಟ್ಟದ ಕಾಡಂಚಿನಲ್ಲಿ ನಡೆಯುವಾಗ ಆಳೆತ್ತರದ ಒಂದು ಗಿಡ ಮೊಣಕೈಗೆ ತಾಗಿತು. ತಕ್ಷಣ ವಿಪರೀತ ಉರಿ, ಆಮೇಲೆ ದದ್ದು. ಎಲೆ ದೊಡ್ಡದು, ಅಂಚು ಆಳವಾಗಿ ಸೀಳಿತ್ತು, ಮೈತುಂಬ ಉದ್ದುದ್ದ ಮುಳ್ಳುಕೂದಲು. ಇದರ ನಾರಿನಿಂದ ಬಟ್ಟೆ ನೇಯುತ್ತಾರೆ, ಚಿಗುರು ತಿನ್ನುತ್ತಾರೆ, ಕೀಲುನೋವಿಗೂ ಒಳ್ಳೆಯದು ಅಂತ ಜೊತೆಗಿದ್ದವರು ಹೇಳಿದರು. ಇದು ಯಾವ ಗಿಡ? ಇದರಲ್ಲಿ ಎಷ್ಟು ನಿಜ? ಅಮ್ಮನಿಗೆ ಮಂಡಿನೋವಿದೆ, ಕೊಡಬಹುದಾ? ತೋಟದ ಬೇಲಿಗೆ ನೆಡಬಹುದಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಾರಿನ ಮಾತು ಪೂರ್ತಿ ನಿಜ. ಸೊಪ್ಪಿನ ಮಾತೂ ನಿಜವೇ, ಆದರೆ ಎಳೆಯ ಕುಡಿಗೆ ಮಾತ್ರ, ಅದೂ ಚೆನ್ನಾಗಿ ಬೇಯಿಸಿದ ಮೇಲೆ. ಕೀಲುನೋವಿನ ಮಾತಿಗೆ ಸ್ವಲ್ಪ ಆಧಾರ ಇದೆ, ಆದರೆ ಅದು ಈ ಗಿಡದ್ದಲ್ಲ, ಇದರ ನೆಂಟ ಗಿಡದ್ದು. ಅಮ್ಮನಿಗೆ ಕೊಡಬೇಡಿ. ಬೇಲಿಗಂತೂ ಬೇಡವೇ ಬೇಡ. ಯಾಕೆ ಅನ್ನುವುದನ್ನು ಈಗ ನೋಡೋಣ.

ನಿಮ್ಮ ವಿವರಣೆ ಹೊಂದುವುದು ಗಿರಾರ್ಡಿನಿಯಾ ಡೈವರ್ಸಿಫೋಲಿಯಾ ಎಂಬ ಗಿಡಕ್ಕೆ. ಹಳೆಯ ಪುಸ್ತಕಗಳಲ್ಲಿ ಇದನ್ನು ನೀಲಗಿರಿ ನೆಟಲ್ ಎಂದು ಕರೆದಿದ್ದಾರೆ. ನೆಟಲ್ ಅಂದರೆ ಇಂಥ ಚುಚ್ಚುವ ಕೂದಲಿನ ಗಿಡಗಳಿಗೆ ಇಂಗ್ಲಿಷಿನಲ್ಲಿರುವ ಹೆಸರು. ಈಗ ಹಿಮಾಲಯನ್ ನೆಟಲ್ ಅನ್ನುವ ಹೆಸರು ಜಾಸ್ತಿ ಬಳಕೆಯಲ್ಲಿದೆ. ನೇಪಾಳದಲ್ಲಿ ಇದು ‘ಅಲ್ಲೋ’. ನಮ್ಮಲ್ಲಿ ಮುಟ್ಟಿದರೆ ತುರಿಸುವ ಯಾವುದೇ ಗಿಡವನ್ನೂ ತುರಿಕೆ ಗಿಡ, ತುರುಚಿ ಅಂತ ಕರೆಯುವ ರೂಢಿ ಇದೆ. ಹಾಗಾಗಿ ಹೆಸರು ಕೇಳಿ ಗಿಡ ಗುರುತಿಸಲು ಹೋಗಬೇಡಿ, ಎಲೆ ನೋಡಿ.

ಇದರ ಎಲೆ ನೋಡಿದರೆ ಮರೆಯುವಂಥದ್ದಲ್ಲ. ದೊಡ್ಡ ಎಲೆ, ಮೂರರಿಂದ ಏಳು ಹಾಲೆಗಳಾಗಿ ಸೀಳಿರುತ್ತದೆ, ಅಂಚಿನಲ್ಲಿ ಒರಟು ಹಲ್ಲುಗಳು. ಒಂದೇ ಗಿಡದಲ್ಲೇ ಒಂದು ಎಲೆ ಆಳವಾಗಿ ಸೀಳಿದ್ದರೆ ಇನ್ನೊಂದು ಅಷ್ಟಾಗಿ ಸೀಳಿರುವುದಿಲ್ಲ. ಈ ಕಾರಣಕ್ಕೇ ಹಿಂದಿನ ಸಸ್ಯಶಾಸ್ತ್ರಜ್ಞರು ಇದನ್ನು ಬೇರೆ ಬೇರೆ ಜಾತಿಗಳೆಂದು ತಿಳಿದು ಹತ್ತಾರು ಹೆಸರು ಕೊಟ್ಟಿದ್ದರು. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಹುಟ್ಟುವುದಿಲ್ಲ, ಒಂದಾದ ಮೇಲೆ ಒಂದರಂತೆ ಹುಟ್ಟುತ್ತವೆ. ಯುರೋಪಿನ ಸಾಮಾನ್ಯ ನೆಟಲ್ ಆದ ಅರ್ಟಿಕಾ ಡಯೋಯಿಕಾದಲ್ಲಿ ಎಲೆ ಜೋಡಿಜೋಡಿಯಾಗಿ ಎದುರುಬದುರು ಇರುತ್ತದೆ. ಎರಡನ್ನೂ ಬೇರೆ ಮಾಡಲು ಇದೊಂದು ಗುರುತು ಸಾಕು. ಒಳ್ಳೆಯ ಜಾಗದಲ್ಲಿ ಗಿಡ 3 ಮೀಟರ್‌ವರೆಗೂ ಏಳುತ್ತದೆ. ಕಾಂಡ ಸತ್ತರೂ ಬುಡ ಬದುಕಿದ್ದು, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಇದು ಬೆಳೆಯುವ ಪ್ರದೇಶ ಬಹಳ ದೊಡ್ಡದು. ಆಫ್ರಿಕಾದ ಎತ್ತರದ ಕಾಡುಗಳು, ಮಡಗಾಸ್ಕರ್, ಯೆಮನ್, ನಮ್ಮ ಪಶ್ಚಿಮ ಘಟ್ಟ, ಶ್ರೀಲಂಕಾ, ಹಿಮಾಲಯದ ತಪ್ಪಲು, ಚೀನಾ, ಇಂಡೋನೇಷ್ಯಾ, ಎಲ್ಲಾ ಕಡೆ ಇದೆ. ನೇಪಾಳದಲ್ಲಿ ಸುಮಾರು 1200ರಿಂದ 3000 ಮೀಟರ್ ಎತ್ತರದಲ್ಲಿ ಸಿಗುತ್ತದೆ. ಎಲ್ಲಿ ನೋಡಿದರೂ ಇದು ಬಯಸುವುದು ತಂಪು, ತೇವ, ಅರೆನೆರಳು, ಎಲೆಗೊಬ್ಬರ ತುಂಬಿದ ಮಣ್ಣು. ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡಿನ ಅಂಚು, ತೊರೆಯ ಪಕ್ಕ, ಮರ ಬಿದ್ದು ಬೆಳಕು ತೂರಿದ ಜಾಗ ಇದಕ್ಕೆ ಅಚ್ಚುಮೆಚ್ಚು. ಕಾಲುದಾರಿಗಳೂ ಇಂಥ ಜಾಗದಲ್ಲೇ ಹಾದುಹೋಗುವುದರಿಂದ ನಡೆಯುವವರಿಗೆ ತಾಗುವುದು ಸಹಜ.

ಇನ್ನು ಉರಿಯ ವಿಷಯ. ಒಂದು ಎಲೆಯನ್ನು ಚಿಮಟದಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಂದೊಂದು ಕೂದಲೂ ಬುಡದಲ್ಲಿ ಒಂದು ಪುಟ್ಟ ಹಸಿರು ದಿಬ್ಬದ ಮೇಲೆ ನಿಂತಿರುತ್ತದೆ. ಅಲ್ಲಿಂದ ಮೇಲಕ್ಕೆ ಸಣ್ಣಗಾಗುತ್ತಾ, ಗಾಜಿನ ಕೊಳವೆಯ ಹಾಗೆ ಪಾರದರ್ಶಕವಾಗಿ ಕಾಣುತ್ತದೆ. ತುದಿಯಲ್ಲಿ ಒಂದು ಚಿಕ್ಕ ಗುಂಡು. ಕೊಳವೆ ಅಷ್ಟೂ ಒಂದೇ ಒಂದು ಜೀವಕೋಶ! ತುದಿಯ ಗೋಡೆಯಲ್ಲಿ ಸಿಲಿಕಾ ಸೇರಿರುವುದರಿಂದ ಅದು ಗಟ್ಟಿ, ಆದರೆ ಪೆಡಸು. ಚರ್ಮ ತಾಗಿದೊಡನೆ ಆ ಗುಂಡು ಓರೆಯಾಗಿ ಮುರಿಯುತ್ತದೆ, ಉಳಿಯುವ ಚೂಪು ತುದಿ ಚರ್ಮದೊಳಕ್ಕೆ ಇಳಿಯುತ್ತದೆ. ಬುಡದ ಉಬ್ಬು ಒತ್ತಿದಂತಾಗಿ ಒಳಗಿನ ದ್ರವ ಹೊರಬರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಷ್ಟು ಹಿಂದೆಯೇ ನೆಟಲ್ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗೆ ತನ್ನದೇ ಚರ್ಮಕ್ಕೆ ಒತ್ತಿ, ಕೊಳವೆಯೊಳಗೆ ದ್ರವ ಏರುವುದನ್ನು ನೋಡಿ ಬರೆದಿಟ್ಟಿದ್ದ. ಇವತ್ತಿಗೂ ಅವನ ವಿವರಣೆ ಬಹುಪಾಲು ಸರಿ.

ಆ ದ್ರವದಲ್ಲಿ ಏನಿದೆ? ಫಾರ್ಮಿಕ್ ಆಮ್ಲ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದು ಸ್ವಲ್ಪ ಇರುವುದು ಹೌದು, ಆದರೆ ಇಷ್ಟೊಂದು ಉರಿಗೆ ಅಷ್ಟು ಸಾಲದು. ಯುರೋಪಿನ ನೆಟಲ್ ಕೂದಲಲ್ಲಿ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಎಂಬ, ನಮ್ಮ ದೇಹದಲ್ಲೂ ಇರುವ ರಾಸಾಯನಿಕಗಳು ಇವೆ ಎಂಬುದು 1947ರಲ್ಲೇ ಗೊತ್ತಾಯಿತು. ಆಮೇಲೆ ಅಂಥದ್ದೇ ಆದ ಸೆರೊಟೋನಿನ್ ಕೂಡ ಸಿಕ್ಕಿತು. ಬೇರೆ ಕೆಲವು ನೆಟಲ್‌ಗಳಲ್ಲಿ ಆಕ್ಸಾಲಿಕ್, ಟಾರ್ಟಾರಿಕ್ ಆಮ್ಲಗಳಿಗೂ ನೋವಿನಲ್ಲಿ ಪಾಲಿದೆ ಎಂದು ಕಂಡುಬಂದಿದೆ. ಅಂದರೆ ಇದು ಒಂದೇ ವಿಷವಲ್ಲ, ಒಂದು ಮಿಶ್ರಣ. ಗಿರಾರ್ಡಿನಿಯಾದ ಕೂದಲು ಸಾಮಾನ್ಯ ನೆಟಲ್‌ಗಿಂತ ಉದ್ದ. ತೆಳು ಬಟ್ಟೆಯನ್ನೂ ದಾಟಿ ಚುಚ್ಚುವುದು ಇದೇ ಕಾರಣಕ್ಕೆ. ಹೂವಿನ ಸಮಯದಲ್ಲಂತೂ ಹೆಣ್ಣು ಹೂಗೊಂಚಲಿನ ಮೇಲೆಲ್ಲಾ ಈ ಕೂದಲು ದಟ್ಟವಾಗಿ ತುಂಬಿರುತ್ತದೆ. ಆ ಭಾಗ ಎಲೆಗಿಂತ ಕೆಟ್ಟದು.

ಮತ್ತೆ ತಾಗಿದರೆ ಮಾಡಬೇಕಾದ್ದು ಇಷ್ಟು: ಉಜ್ಜಬೇಡಿ, ಕೆರೆಯಬೇಡಿ. ಸಿಕ್ಕ ಸಿಕ್ಕ ಸೊಪ್ಪು ತಂದು ತಿಕ್ಕುವುದು ಇನ್ನೂ ತಪ್ಪು, ಚರ್ಮದ ಮೇಲೆ ನಿಂತಿರುವ ಕೂದಲೂ ಮುರಿದು ಒಳಗೆ ಹೋಗುತ್ತದೆ. ಅಂಟುಪಟ್ಟಿ ಇದ್ದರೆ ಮೆಲ್ಲಗೆ ಅಂಟಿಸಿ ಕಿತ್ತರೆ ಒಂದಷ್ಟು ಕೂದಲು ಅದರ ಜೊತೆ ಬರುತ್ತದೆ. ನಂತರ ಸೋಪು ನೀರಿನಲ್ಲಿ ತೊಳೆದು ತಣ್ಣೀರಿನ ಬಟ್ಟೆ ಇಡಿ. ಕ್ಯಾಲಮೈನ್ ಲೋಷನ್ ಹಚ್ಚಬಹುದು. ತುರಿಕೆ ಜಾಸ್ತಿಯಿದ್ದರೆ ಅಲರ್ಜಿ ಮಾತ್ರೆ ಕೆಲವರಿಗೆ ಆರಾಮ ಕೊಡುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಉರಿ ಇಳಿಯುತ್ತದೆ, ಜುಮುಗುಡುವುದು ಮಾತ್ರ ಮರುದಿನದವರೆಗೂ ಇರಬಹುದು. ತುಟಿ, ಮುಖ ಊದಿದರೆ ಅಥವಾ ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇಲ್ಲೇ ಇನ್ನೊಂದು ಎಚ್ಚರಿಕೆ ಕೊಡಬೇಕು. ಪಶ್ಚಿಮ ಘಟ್ಟದಲ್ಲಿ ಡೆಂಡ್ರೊಕ್ನೈಡ್ ಸಿನುವಾಟಾ ಎಂಬ ಇನ್ನೊಂದು ಚುಚ್ಚುವ ಗಿಡ ಇದೆ. ಇದೇ ಕುಟುಂಬದ್ದು, ಆದರೆ ಪೊದೆ ಅಥವಾ ಸಣ್ಣ ಮರವಾಗಿ ಬೆಳೆಯುತ್ತದೆ. ಎಲೆ ಉದ್ದ, ಸೀಳಿರುವುದಿಲ್ಲ. ಕೂದಲು ಕಣ್ಣಿಗೆ ಅಷ್ಟಾಗಿ ಕಾಣದಷ್ಟು ಸಣ್ಣದು. ಹಾಗಾಗಿ ಜನ ಅನುಮಾನಪಡದೆ ಕೈ ಹಾಕಿಬಿಡುತ್ತಾರೆ. ಅದರ ನೋವು ದಿನಗಟ್ಟಲೆ ಉಳಿಯುತ್ತದೆ, ನೀರು ತಾಗಿದಾಗ ಮತ್ತೆ ಕೆರಳುತ್ತದೆ. ಆಸ್ಟ್ರೇಲಿಯಾದಲ್ಲಿರುವ ಇದರ ಬಳಗದ ಮರಗಳಲ್ಲಿ, ನೋವಿನ ನರಗಳ ಮೇಲೇ ಕೆಲಸ ಮಾಡುವ ಪುಟ್ಟ ಪ್ರೋಟೀನುಗಳನ್ನು 2020ರಲ್ಲಿ ಗುರುತಿಸಿದರು. ನಿಮಗೆ ತಾಗಿದ್ದು ಸೀಳೆಲೆಯ ಗಿಡವಾದ್ದರಿಂದ ಆ ಭಯ ಬೇಡ.

ಈಗ ನಾರು. ನನ್ನನ್ನು ಕೇಳಿದರೆ ಈ ಗಿಡದ ನಿಜವಾದ ಬೆಲೆ ಇರುವುದು ಇದರಲ್ಲೇ. ಔಷಧ, ಟೀ ಪುಡಿ ಅಂತ ನಡೆಯುವ ಮಾತಿನ ಗದ್ದಲದಲ್ಲಿ ನೂರಾರು ವರ್ಷ ಜನರ ಮೈ ಮುಚ್ಚಿದ, ಹೊರೆ ಹೊತ್ತ ಈ ನಾರನ್ನು ಮರೆಯುವುದು ನನಗೆ ಬೇಸರದ ವಿಷಯ.

ನಾರು ಸಿಗುವುದು ಕಾಂಡದ ಒಳತೊಗಟೆಯಲ್ಲಿ. ಎಳೆ ಉದ್ದ, ಗಟ್ಟಿ, ನುಣುಪು, ಸಣ್ಣ ಹೊಳಪೂ ಇರುತ್ತದೆ. ಬಟ್ಟೆಗೆ ಹೆಸರಾದ ರ‍್ಯಾಮಿ ನಾರು ಕೊಡುವ ಗಿಡವೂ ಇದೇ ಕುಟುಂಬದ್ದು. ನೇಪಾಳದ ಪೂರ್ವದ ಸಂಖುವಾಸಭಾ ಜಿಲ್ಲೆಯ ಕುಲುಂಗ್ ರಾಯಿ ಸಮುದಾಯದ ಹೆಂಗಸರು ಅಲ್ಲೋ ನೇಯ್ಗೆಗೆ ಹೆಸರುವಾಸಿ. ಅವರು ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಪ್ರತಿ ಹೆಜ್ಜೆಗೂ ಒಂದು ಕಾರಣ ಇದೆ.

ಮಳೆ ಮುಗಿಯುತ್ತಾ ಬಂದಂತೆ ಕೊಯ್ಲು ಶುರುವಾಗಿ ಚಳಿಗಾಲದ ಮೊದಲ ದಿನಗಳವರೆಗೆ ನಡೆಯುತ್ತದೆ. ತೀರಾ ಮುಂಚೆ ಕೊಯ್ದರೆ ನಾರು ಬಲಿತಿರುವುದಿಲ್ಲ. ತಡವಾದರೆ ಕಾಂಡ ಕಟ್ಟಿಗೆಯಾಗಿ ತೊಗಟೆ ಬಿಡಿಸಿಕೊಳ್ಳುವುದಿಲ್ಲ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಗಿಡ ಹಿಡಿದು, ನೆಲದಿಂದ ಸ್ವಲ್ಪ ಮೇಲೆ ಕುಡುಗೋಲು ಹಾಕುತ್ತಾರೆ. ಬುಡ ಬಿಟ್ಟು ಕೊಯ್ಯುವುದರಿಂದ ಮುಂದಿನ ವರ್ಷ ಅಲ್ಲಿಂದಲೇ ಹೊಸ ಕಾಂಡ ಏಳುತ್ತದೆ. ಅದೇ ಬಟ್ಟೆ ಸುತ್ತಿದ ಕೈಯಲ್ಲಿ ಕಾಂಡವನ್ನು ಬಲವಾಗಿ ಸವರಿ ಎಲೆ, ಕೂದಲು ಎಲ್ಲಾ ಉದುರಿಸುತ್ತಾರೆ. ಆಮೇಲೆ ಬುಡದ ಕಡೆಯಿಂದ ಸಿಪ್ಪೆ ಎಬ್ಬಿಸಿ ಉದ್ದಕ್ಕೆ ಎಳೆದರೆ ಪಟ್ಟಿಯಾಗಿ ಸುಲಿದು ಬರುತ್ತದೆ. ಹಸಿ ಕಾಂಡದ ದೊಡ್ಡ ಹೊರೆಗೆ ಸಿಗುವ ನಾರು ಮಾತ್ರ ಬಹಳ ಕಡಿಮೆ. ಅದಕ್ಕೇ ಸಿಪ್ಪೆಯನ್ನು ಕಾಡಿನಲ್ಲೇ ಸುಲಿದು, ಅದನ್ನಷ್ಟೇ ಊರಿಗೆ ಹೊತ್ತು ತರುತ್ತಾರೆ.

ಸಿಪ್ಪೆಯಲ್ಲಿ ನಾರಿನ ಎಳೆಗಳು ಪೆಕ್ಟಿನ್ ಎಂಬ ಅಂಟಿನಿಂದ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆ ಅಂಟು ಬಿಡಿಸಲು ಕಟ್ಟಿಗೆ ಬೂದಿ ಕಲಸಿದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಬೂದಿಯ ಕ್ಷಾರಕ್ಕೆ ಅಂಟು ಕರಗುತ್ತದೆ. ಬೆಂದ ಸಿಪ್ಪೆಯನ್ನು ಮರದ ಕೊಡತಿಯಿಂದ ಬಡಿದು ಹರಿಯುವ ನೀರಿನಲ್ಲಿ ತೊಳೆದರೆ ಕಪ್ಪು ಹೊರಪದರ ಹೋಗಿ ನಾರು ತೇಲುತ್ತದೆ. ಆದರೂ ಒಣಗಿದಾಗ ಅದು ಮತ್ತೆ ಸೆಟೆದುಕೊಂಡು ಅಂಟಿಕೊಳ್ಳುತ್ತದೆ. ಇಲ್ಲಿ ಅವರ ಅನುಭವದ ಜಾಣ್ಮೆ ನೋಡಿ: ಒದ್ದೆ ನಾರಿಗೆ ಬಿಳಿ ಜೇಡಿಮಣ್ಣು ಹಚ್ಚಿ ಚೆನ್ನಾಗಿ ನಾದುತ್ತಾರೆ. ಮಣ್ಣಿನ ನುಣ್ಣನೆಯ ಕಣಗಳು ಎಳೆಗಳ ನಡುವೆ ಕೂತು ಅವು ಅಂಟದಂತೆ ತಡೆಯುತ್ತವೆ. ಒಣಗಿದ ಮೇಲೆ ಕೊಡವಿದರೆ ಮಣ್ಣು ಉದುರಿ, ಬಿಡಿಬಿಡಿಯಾದ ಮೆತ್ತನೆಯ ಬಿಳಿ ನಾರು ಉಳಿಯುತ್ತದೆ. ರಾಸಾಯನಿಕ ಯಾವುದೂ ಇಲ್ಲ, ಬೂದಿ, ನೀರು, ಮಣ್ಣು ಅಷ್ಟೇ.

ನಂತರ ತಕಲಿಯಲ್ಲಿ ನೂಲುವುದು. ಬೆಟ್ಟದ ದಾರಿಯಲ್ಲಿ ನಡೆಯುತ್ತಾ, ದನ ಕಾಯುತ್ತಾ ನೂಲುತ್ತಾರೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂತು ನೇಯುವ ಸರಳ ಮಗ್ಗದಲ್ಲಿ ಬಟ್ಟೆ ಮಾಡುತ್ತಾರೆ. ಹಿಂದಿನಿಂದಲೂ ಇದರಿಂದ ಚೀಲ, ಹಗ್ಗ, ಮೀನಿನ ಬಲೆ, ಹಣೆಗೆ ಕೊಟ್ಟು ಹೊರೆ ಹೊರುವ ಪಟ್ಟಿ, ನೇಪಾಳದ ಗುರುಂಗ್ ಸಮುದಾಯದ ಗಂಡಸರು ಎದೆಗೆ ಅಡ್ಡಲಾಗಿ ಕಟ್ಟುವ ‘ಭಾಂಗ್ರಾ’ ಎಂಬ ಉಡುಪು ತಯಾರಾಗುತ್ತಿದ್ದವು. ನೀರಿನಲ್ಲಿ ನೆನೆದರೂ ಬೇಗ ಕೊಳೆಯದ ಗಟ್ಟಿ ನಾರು ಬಲೆಗೆ ಎಷ್ಟು ಮುಖ್ಯ ಅನ್ನುವುದು ಮೀನು ಹಿಡಿಯುವವರಿಗೆ ಗೊತ್ತು. 1980ರ ದಶಕದಿಂದ ಉಣ್ಣೆಯ ಜೊತೆ ಸೇರಿಸಿ ಕೋಟಿನ ಬಟ್ಟೆ, ಶಾಲುಗಳನ್ನೂ ನೇಯುತ್ತಿದ್ದಾರೆ, ಹೊರದೇಶಕ್ಕೂ ಹೋಗುತ್ತದೆ.

ನಮ್ಮ ನೀಲಗಿರಿಗೂ ಈ ನಾರು ಹೊಸದಲ್ಲ. ಅಲ್ಲಿನ ಬುಡಕಟ್ಟು ಜನರಾದ ತೋಡರು ಈ ಗಿಡವನ್ನು ಕುದಿಸಿ ನಾರು ತೆಗೆಯುತ್ತಿದ್ದರು ಎಂದು 19ನೇ ಶತಮಾನದ ಸಸ್ಯ ಗ್ರಂಥಗಳಲ್ಲಿ ದಾಖಲಾಗಿದೆ. ಊಟಿಯ ಸರ್ಕಾರಿ ತೋಟಗಳ ಮೇಲ್ವಿಚಾರಕನಾಗಿದ್ದ ಮ್ಯಾಕೈವರ್, ಅಲ್ಲಿ ಕ್ವಿನೈನ್ ಔಷಧ ಕೊಡುವ ಸಿಂಕೋನಾ ಮರ ಬೆಳೆಸಿ ಹೆಸರಾದವನು, ಈ ನೆಟಲ್ ಅನ್ನೂ ಬೆಳೆಸಿ ನಾರು ತೆಗೆದು ನೋಡಿದ. ಗುಣದ ಬಗ್ಗೆ ಆಗಿನವರಿಗೆ ದೂರಿರಲಿಲ್ಲ, ಹೊಗಳಿಕೆಯೇ ಇತ್ತು. ಆದರೂ ಅದು ದೊಡ್ಡ ಬೆಳೆ ಆಗಲಿಲ್ಲ. ಚುಚ್ಚುವ ಗಿಡ, ಒಂದೊಂದಾಗಿ ಕೈಯಲ್ಲೇ ಸುಲಿಯಬೇಕು, ಇಳುವರಿ ಕಡಿಮೆ. ಹತ್ತಿ, ಸೆಣಬಿನ ಜೊತೆ ಪೈಪೋಟಿ ಮಾಡುವ ಬೆಳೆ ಇದಲ್ಲ. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಿಗದೆ ಜರ್ಮನಿಯವರು ತಮ್ಮ ಊರಿನ ನೆಟಲ್‌ನಿಂದ ಬಟ್ಟೆ ಮಾಡಿದ್ದರು. ಹತ್ತಿ ಮತ್ತೆ ಬಂದ ಮೇಲೆ ಅದನ್ನೂ ಕೈಬಿಟ್ಟರು. ಕೈಕೆಲಸಕ್ಕೆ ತಕ್ಕ ಬೆಲೆ ಸಿಗುವ ಕಡೆ ಮಾತ್ರ ಈ ನಾರು ಬದುಕುತ್ತದೆ. ಅಂಥ ಬೆಲೆ ಕೊಟ್ಟು ಕೊಳ್ಳುವವರು ಸಿಕ್ಕರೆ ಬೆಟ್ಟದ ಊರುಗಳ ಹೆಂಗಸರಿಗೆ ಇದೊಂದು ಗೌರವದ ದುಡಿಮೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸೊಪ್ಪಿನ ವಿಷಯಕ್ಕೆ ಬರೋಣ. ನೇಪಾಳದಲ್ಲಿ ಇದರ ಎಳೆ ಕುಡಿಯನ್ನು ಬೇಯಿಸಿ ತಿನ್ನುತ್ತಾರೆ. ಆಫ್ರಿಕಾದ ಎತ್ತರದ ಕಾಡುಗಳ ಇನ್ನೊಂದು ನೆಟಲ್ ಅರ್ಟಿಕಾ ಮಸೈಕಾ. ಕೀನ್ಯಾದ ಕಿಕುಯು ಜನ ಅದನ್ನು ‘ಥಬಾಯಿ’ ಎಂದು ಕರೆದು, ಬೇಯಿಸಿ ಆಲೂಗಡ್ಡೆಯ ಜೊತೆ ಹಿಸುಕಿ ಉಣ್ಣುತ್ತಾರೆ. ಬಿಸಿ ತಾಗಿದೊಡನೆ ಕೂದಲು ಬಾಡಿ ಕುಸಿಯುತ್ತದೆ, ಆಮೇಲೆ ಚುಚ್ಚುವುದಿಲ್ಲ. ನೆಟಲ್ ಸೊಪ್ಪುಗಳಲ್ಲಿ ಕ್ಯಾಲ್ಸಿಯಂ ಒಳ್ಳೆಯ ಪ್ರಮಾಣದಲ್ಲಿದೆ. ಆದರೆ ಹೂ ಬಿಟ್ಟ ಮೇಲಿನ ಬಲಿತ ಎಲೆ ಬೇಡ. ಅದರೊಳಗೆ ಸುಣ್ಣದ ಹರಳುಗಳು ಸೇರಿ ಬಾಯಿಗೆ ಮರಳು ಸಿಕ್ಕಂತಾಗುತ್ತದೆ. ಗುರುತು ಪಕ್ಕಾ ಇಲ್ಲದವರು ಕಾಡಿನಲ್ಲಿ ಕಿತ್ತು ತಿನ್ನುವ ಸಾಹಸಕ್ಕೆ ಹೋಗಲೇಬಾರದು.

ತಿನ್ನುವವರಲ್ಲಿ ಮನುಷ್ಯರಷ್ಟೇ ಇಲ್ಲ. ಆಫ್ರಿಕಾದ ವಿರುಂಗ ಬೆಟ್ಟಗಳ ಗೊರಿಲ್ಲಾಗಳು ಲಾಪೋರ್ಟಿಯಾ ಎಂಬ ನೆಟಲ್ ತಿನ್ನುವ ಬಗೆಯನ್ನು ರಿಚರ್ಡ್ ಬರ್ನ್ ಎಂಬ ವಿಜ್ಞಾನಿ ಹತ್ತಿರದಿಂದ ನೋಡಿ ಬರೆದಿದ್ದಾರೆ. ಗೊರಿಲ್ಲಾ ಕಾಂಡವನ್ನು ಸಡಿಲ ಮುಷ್ಟಿಯಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದು ಎಲೆಗಳನ್ನು ಕಂತೆ ಮಾಡುತ್ತದೆ. ಕೂದಲು ಜಾಸ್ತಿಯಿರುವ ತೊಟ್ಟುಗಳನ್ನು ತಿರುಚಿ ಎಸೆಯುತ್ತದೆ. ಉಳಿದ ಎಲೆಯನ್ನು ಚುಚ್ಚುವ ಭಾಗ ಒಳಗೆ ಹೋಗುವಂತೆ ಮಡಚಿ ಬಾಯಿಗೆ ಹಾಕಿಕೊಳ್ಳುತ್ತದೆ. ಕೂದಲು ಎಲ್ಲಿ ದಟ್ಟ, ಎಲ್ಲಿ ಕಡಿಮೆ ಎನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು ಅಲ್ವಾ!

ಅಮ್ಮನ ಮಂಡಿನೋವು. ಕೀಲುನೋವಿಗೆ ನೆಟಲ್‌ನಿಂದ ಚುಚ್ಚಿಸಿಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿ ಹಳೆಯದು. 2000ದಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಹೆಬ್ಬೆರಳಿನ ಬುಡದ ಸವೆತದಿಂದ ನರಳುತ್ತಿದ್ದ 27 ಜನ ಒಂದು ವಾರ ದಿನಾ ನೆಟಲ್ ಎಲೆಯನ್ನು ನೋವಿನ ಜಾಗಕ್ಕೆ ತಾಗಿಸಿಕೊಂಡರು. ಇನ್ನೊಂದು ವಾರ ಚುಚ್ಚದ ಬೇರೊಂದು ಎಲೆ. ನೆಟಲ್ ವಾರದಲ್ಲಿ ನೋವು ಕಡಿಮೆಯಾಗಿತ್ತು. ಫಲಿತಾಂಶ ಕುತೂಹಲದ್ದೇ. ಆದರೆ ಅದು ಅರ್ಟಿಕಾ ಡಯೋಯಿಕಾ, ಗಿರಾರ್ಡಿನಿಯಾ ಅಲ್ಲ. ಹೆಬ್ಬೆರಳು, ಮಂಡಿಯಲ್ಲ. 27 ಜನ, ಒಂದೇ ವಾರ. ಯಾವುದು ಚುಚ್ಚುತ್ತದೆ, ಯಾವುದು ಚುಚ್ಚುವುದಿಲ್ಲ ಅನ್ನುವುದು ಅನುಭವಿಸಿದವರಿಗೆ ತಿಳಿದೇ ತಿಳಿಯುತ್ತದೆ. ಅದರ ಪ್ರಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದನ್ನು ಹಿಡಿದುಕೊಂಡು ವಯಸ್ಸಾದವರ ಮಂಡಿಗೆ ಇಷ್ಟು ಜೋರಾಗಿ ಚುಚ್ಚುವ ಗಿಡ ಬಡಿಯುವುದು ಸರಿಯಲ್ಲ. ಚರ್ಮ ತೆಳುವಾಗಿರುತ್ತದೆ, ಅಲರ್ಜಿ ಇದೆಯೋ ಇಲ್ಲವೋ ಮೊದಲೇ ಗೊತ್ತಾಗುವುದಿಲ್ಲ. ನೆಟಲ್ ಪುಡಿ, ಮಾತ್ರೆ ಅಂತ ಸಿಗುವುದನ್ನೂ ಸುಮ್ನೆ ಶುರು ಮಾಡಬೇಡಿ. ಬಿಪಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರಾದರೆ ವೈದ್ಯರನ್ನು ಕೇಳದೆ ಖಂಡಿತ ಬೇಡ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮದಿಂದ ಮಂಡಿ ಸವೆತದ ನೋವು ಇಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಎಷ್ಟೋ ಗಟ್ಟಿ ಆಧಾರ ಇದೆ. ಅಮ್ಮನನ್ನು ಒಬ್ಬ ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ.

ಕೊನೆಗೆ ಬೇಲಿ. ಬಯಲುಸೀಮೆಯ ಬಿಸಿಲಿಗೆ ಈ ಗಿಡ ನಿಲ್ಲುವುದಿಲ್ಲ. ತಂಪಿನ ಬೆಟ್ಟದ ತೋಟವಾದರೆ ಬೆಳೆಯುತ್ತದೆ, ಆದರೆ ಒಣ ತಿಂಗಳುಗಳಲ್ಲಿ ಕಾಂಡ ಸಾಯುತ್ತದೆ. ಬೇಲಿ ಬೇಕಾದ ಹೊತ್ತಿಗೆ ಬೇಲಿಯೇ ಇರುವುದಿಲ್ಲ. ಇರುವಾಗ ಮೊದಲು ಚುಚ್ಚುವುದು ನಿಮ್ಮ ತೋಟದ ಆಳುಗಳನ್ನು, ಅಂಚಿನಲ್ಲಿ ಆಡುವ ಮಕ್ಕಳನ್ನು. ಸಂರಕ್ಷಿತ ಕಾಡಿನಿಂದ ಗಿಡ, ಬೀಜ ತರಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಹಾಗಂತ ನಿಮ್ಮ ಜಾಗದಲ್ಲಿ, ಜನ ಓಡಾಡದ ತೊರೆಯ ಪಕ್ಕದಲ್ಲಿ ತಾನಾಗಿ ಬೆಳೆದಿದ್ದರೆ ದಯವಿಟ್ಟು ಕಡಿದು ಹಾಕಬೇಡಿ. ಇಂಡಿಯನ್ ರೆಡ್ ಅಡ್ಮಿರಲ್ ಎಂಬ ಚಿಟ್ಟೆ, ಕಪ್ಪು ರೆಕ್ಕೆಯ ಮೇಲೆ ಕಿತ್ತಳೆ ಪಟ್ಟೆ ಇರುವುದು, ಮೊಟ್ಟೆ ಇಡುವ ಗಿಡಗಳಲ್ಲಿ ಇದೂ ಒಂದು. ದಕ್ಷಿಣ ಭಾರತದಲ್ಲಿ ಆ ಚಿಟ್ಟೆ ಸಿಗುವುದು ಎತ್ತರದ ಬೆಟ್ಟಗಳಲ್ಲೇ. ಅದರ ಹುಳು ಎಲೆಯ ಅಂಚುಗಳನ್ನು ನೂಲಿನಿಂದ ಹೊಲಿದು, ಒಳಗೆ ಕೂತು ಮೇಯುತ್ತದೆ. ಮಡಚಿಕೊಂಡ ಎಲೆ ಕಂಡರೆ ಕೈ ಹಾಕಬೇಡಿ, ಒಂದು ಕಡ್ಡಿಯಿಂದ ಬಾಗಿಸಿ ನೋಡಿ. ನೋಡಲು ಹೋಗುವಾಗ ಪೂರ್ತಿ ತೋಳಿನ ದಪ್ಪ ಅಂಗಿ, ಜೀನ್ಸ್, ಚರ್ಮದ ಕೈಗವಸು ಇರಲಿ. ತೆಳು ರಬ್ಬರ್ ಗ್ಲೌಸ್ ಸಾಲದು, ಈ ಕೂದಲು ಅದನ್ನೂ ದಾಟುತ್ತದೆ.